ಮತ್ಸುಯೆಯಲ್ಲಿ ಎರಡು ದಿನ, ಜೊತೆಗೆ ಮಂಡಿನೋವಿನ ಅಮ್ಮ: ಏನೇನು ನೋಡಬಹುದು?

ಟೋಕಿಯೋ, ಕ್ಯೋಟೋ ಮುಗಿಸಿದ ಮೇಲೆ ಎರಡು ದಿನ ಉಳಿಯುತ್ತದೆ, ಹಳೆಯ ಕೋಟೆಯಿರುವ ಚಿಕ್ಕ ಊರು ನೋಡಬೇಕು, ಅಮ್ಮನಿಗೆ ಮಂಡಿನೋವು, ಇಬ್ಬರೂ ಸಸ್ಯಾಹಾರಿಗಳು, ಮತ್ಸುಯೆ ಆದೀತೇ ಎಂದು ಕೇಳಿದ್ದೀರಿ. ಖಂಡಿತ ಆಗುತ್ತದೆ. ಆದರೆ ಕೋಟೆಯ ಗೋಪುರವನ್ನು ಅಮ್ಮನಿಗೆ ಹೊರಗಿನಿಂದ ಮಾತ್ರ ತೋರಿಸಿ.

ನಾನು ಮೂರು ವರ್ಷ ಓಕಯಾಮಾದಲ್ಲಿ ಕೆಲಸದಲ್ಲಿದ್ದೆ. ಅಲ್ಲಿಂದ ‘ಯಾಕುಮೊ’ ರೈಲು ಹತ್ತಿದರೆ ಮತ್ಸುಯೆಗೆ ಬೆಟ್ಟಗಳ ನಡುವೆ ಸುಮಾರು ಎರಡೂವರೆ ಗಂಟೆಯ ದಾರಿ. ತಿರುವುಗಳು ಬಹಳ, ಬಸ್ಸಿನಲ್ಲಿ ಹೊಟ್ಟೆ ತೊಳಸುವವರು ಇಲ್ಲಿಯೂ ಮಾತ್ರೆ ಇಟ್ಟುಕೊಳ್ಳುವುದು ಒಳ್ಳೆಯದು. ಯಾಕುಮೊ ಎಂದರೆ ಎಂಟು ಮೋಡ. ಹೆಸರಿಗೆ ತಕ್ಕಂತೆ ಆ ಕಡೆ ಮಳೆಯೂ ಜಾಸ್ತಿ, ‘ಬುತ್ತಿ ಮರೆತರೂ ಕೊಡೆ ಮರೆಯಬೇಡ’ ಎಂದು ಅಲ್ಲಿನವರೇ ಹೇಳುತ್ತಾರೆ.

ಓಕಯಾಮಾದ ಕೋಟೆ ನಾನಿದ್ದ ಮನೆಯ ಹತ್ತಿರವೇ ಇತ್ತು. ಅದು 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿ 1966ರಲ್ಲಿ ಕಾಂಕ್ರೀಟಿನಲ್ಲಿ ಮತ್ತೆ ಎದ್ದದ್ದು. ಒಸಾಕಾ, ಹಿರೋಶಿಮಾ ಕೋಟೆಗಳದೂ ಕಾಂಕ್ರೀಟ್ ಗೋಪುರಗಳೇ. ಮತ್ಸುಯೆಯದು ಹಾಗಲ್ಲ, ಹಳೆಯ ಮರದ ಗೋಪುರ ಹಾಗೇ ಉಳಿದಿದೆ. ಇಡೀ ಜಪಾನಿನಲ್ಲಿ ಇಂಥವು ಹನ್ನೆರಡೇ. 1875ರಲ್ಲಿ ಸರ್ಕಾರ ಇದನ್ನು ಹರಾಜಿಗೆ ಹಾಕಿ, ಗೋಪುರಕ್ಕೆ 180 ಯೆನ್ ಬೆಲೆ ಬಂದಿತ್ತು. ಅಲ್ಲಿಯವರೇ ಆ ಹಣ ಹೊಂದಿಸಿ ಕೆಡವದಂತೆ ತಡೆದರು. ಕಟ್ಟಿದ ವರ್ಷಕ್ಕೆ ಗಟ್ಟಿ ಸಾಕ್ಷಿ ಮಾತ್ರ ಬಹಳ ಕಾಲ ಇರಲಿಲ್ಲ. 2012ರಲ್ಲಿ ಕೋಟೆಯ ಆವರಣದ ದೇಗುಲದಲ್ಲಿ ಎರಡು ಪ್ರಾರ್ಥನಾ ಹಲಗೆಗಳು ಸಿಕ್ಕವು. ಅವುಗಳ ಮೊಳೆ ತೂತು ಗೋಪುರದ ನೆಲಮಾಳಿಗೆಯ ಕಂಬಗಳ ಗುರುತಿಗೆ ಸರಿಯಾಗಿ ಕೂತಿತು. ಹಲಗೆಗಳ ಮೇಲೆ ಬರೆದಿದ್ದ ವರ್ಷದಿಂದ ಕಟ್ಟಿದ್ದು 1611ರಲ್ಲಿ ಎಂದು ಖಚಿತವಾಯಿತು. 2015ರಲ್ಲಿ ರಾಷ್ಟ್ರೀಯ ನಿಧಿ ಎಂಬ ಮಾನ್ಯತೆ ಬಂತು. ಆ ಕಂಬಗಳನ್ನು ಹುಡುಕಿ ನೋಡಿ. ನನಗೆ ಮೇಲಿನ ಅಂತಸ್ತಿನ ನೋಟಕ್ಕಿಂತ ಅದೇ ಹೆಚ್ಚು ಹಿಡಿಸಿತು. ನೆಲಮಾಳಿಗೆಯಲ್ಲಿ ಬಾವಿಯೂ ಇದೆ, ಮುತ್ತಿಗೆ ಬಿದ್ದರೆ ನೀರಿಗೆಂದು.

ಒಳಗಿನ ಮೆಟ್ಟಿಲುಗಳು ಮಾತ್ರ ಅಟ್ಟದ ಏಣಿಯಷ್ಟು ಕಡಿದು. ಚಪ್ಪಲಿ ಕಳಚಿಯೇ ಹತ್ತಬೇಕು. ನಾನು ಕಾಲುಚೀಲದಲ್ಲಿ ಇಳಿಯುವಾಗ ಜಾರಿ ಮೂರು ಮೆಟ್ಟಿಲು ಕೂತೇ ಇಳಿದೆ, ಹಿಂದಿದ್ದ ಅಜ್ಜಿ ಕೈಹಿಡಿದು ಎಬ್ಬಿಸಿದರು. ಆ ಅಜ್ಜಿಗೆ ಅಭ್ಯಾಸವಿತ್ತು ಅನ್ನಿ.

ನೀವು ಹತ್ತಿ ಬರುವಷ್ಟರಲ್ಲಿ ಅಮ್ಮ ಮರದ ನೆರಳಿನಲ್ಲಿ ಕೂತಿರಲಿ. ಆಮೇಲೆ ಕೋಟೆಯ ಕಂದಕದಲ್ಲಿ ಓಡುವ ದೋಣಿ ಹಿಡಿಯಿರಿ, ಸುಮಾರು ಐವತ್ತು ನಿಮಿಷದ ಸುತ್ತು. ತಗ್ಗಾದ ಸೇತುವೆ ಬಂದಾಗ ದೋಣಿಯ ಚಾವಣಿಯೇ ಕೆಳಗಿಳಿಯುತ್ತದೆ, ಎಲ್ಲರೂ ನಮಸ್ಕಾರಕ್ಕೆ ಬಾಗಿದಂತೆ ಬಾಗಬೇಕು. ಕೂರುವುದು ನೆಲದ ಮೇಲೆ, ಆದ್ದರಿಂದ ಅಮ್ಮನನ್ನು ಮೊದಲೇ ಕೇಳಿಕೊಳ್ಳಿ.

ಕಂದಕದ ಉತ್ತರಕ್ಕೆ ಶಿಯೋಮಿ ನಾವಾತೆ ಬೀದಿಯಲ್ಲಿ ಲೇಖಕ ಲಾಫ್ಕಾಡಿಯೋ ಹರ್ನ್ ವಾಸವಿದ್ದ ಮನೆ ಇದೆ. ಗ್ರೀಸಿನಲ್ಲಿ ಹುಟ್ಟಿದ ಈತ 1890ರಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಇಲ್ಲಿಗೆ ಬಂದು, ಸಮುರಾಯ್ ಮನೆತನದ ಸೆತ್ಸು ಅವರನ್ನು ಮದುವೆಯಾಗಿ, ಮುಂದೆ ಕೊಯಿಜುಮಿ ಯಾಕುಮೊ ಎಂಬ ಹೆಸರಿನಲ್ಲಿ ಜಪಾನಿನ ಪ್ರಜೆಯೇ ಆದರು. ಈ ಮನೆಯಲ್ಲಿದ್ದದ್ದು ಆರು ತಿಂಗಳಿಗೂ ಕಡಿಮೆ. ಮನೆ ಪುಟ್ಟದು, ಆದರೆ ಮೂರು ಕಡೆಯೂ ತೋಟ. ಅಲ್ಲಿ ಅರ್ಧ ಗಂಟೆ ಸುಮ್ಮನಿರಿ. ಪಕ್ಕದ ಸಂಗ್ರಹಾಲಯಕ್ಕೆ ಸಮಯವಿದ್ದರೆ ಹೋಗಿ, ಇಲ್ಲದಿದ್ದರೆ ಬೇಡ.

ಎರಡನೆಯ ದಿನ ಇಜುಮೊ ತೈಶಾ ದೇಗುಲಕ್ಕೆ ಮೀಸಲಿಡಿ. ಮತ್ಸುಯೆಯ ಶಿಂಜಿ ಕೆರೆಯ ದಡದ ನಿಲ್ದಾಣದಿಂದ ಖಾಸಗಿ ರೈಲಿನಲ್ಲಿ ಒಂದು ಗಂಟೆಯ ದಾರಿ, ನಡುವೆ ರೈಲು ಬದಲಿಸಬೇಕಾಗಬಹುದು. ಮುಖ್ಯ ಗುಡಿ 1744ರದ್ದು. ಬೇರೆ ದೇಗುಲಗಳಲ್ಲಿ ಎರಡು ಬಾರಿ ಚಪ್ಪಾಳೆ ತಟ್ಟಿದರೆ ಇಲ್ಲಿ ನಾಲ್ಕು ಬಾರಿ. ಸಂಜೆಗೆ ಮರಳಿ ಶಿಂಜಿ ಕೆರೆಯ ದಡ ಸೇರಿಕೊಳ್ಳಿ. ಪುಟ್ಟ ದ್ವೀಪದ ಹಿಂದೆ ಸೂರ್ಯ ಇಳಿಯುತ್ತಾನೆ, ಮೋಡ ಬಿಟ್ಟರೆ.

ಊಟದ ವಿಷಯ ನೇರವಾಗಿ ಹೇಳಿಬಿಡುತ್ತೇನೆ: ಕಷ್ಟ. ಆ ಊರಿನ ಸೋಬಾ ಎಂಬ ನೂಡಲ್ಸ್ ಪ್ರಸಿದ್ಧ, ಆದರೆ ಮೇಲೆ ಸುರಿಯುವ ಸಾರಿಗೆ ‘ದಾಶಿ’ ಎಂಬ ಮೀನಿನ ರಸ ಬಿದ್ದಿರುತ್ತದೆ. ಹುದುಗಿಸಿದ ಸೋಯಾದಿಂದ ಮಾಡುವ ಮಿಸೊ ಸಾರಿನಲ್ಲಿ ಕೆರೆಯ ಚಿಪ್ಪುಜೀವಿ. ‘ಮಾಂಸ ಬೇಡ’ ಎಂದರೆ ಸಾಲದು, ‘ದಾಶಿ ಕೂಡ ಬೇಡ’ ಎನ್ನಬೇಕು. ಆಗ ಹೋಟೆಲಿನವರು ತಬ್ಬಿಬ್ಬಾಗುತ್ತಾರೆ. ನಾನು ಅವಲಕ್ಕಿ, ಚಟ್ನಿಪುಡಿ, ಮೊಸರಿನಲ್ಲೇ ದಿನ ತಳ್ಳಿದ್ದೆ. ಸಿಹಿಗೆ ಮಾತ್ರ ಕೊರತೆಯಿಲ್ಲ: ಇಲ್ಲಿನ ಏಳನೆಯ ಮತ್ಸುದಾಯಿರಾ ದೊರೆ ಫುಮಾಯ್ ಚಹಾದ ದೊಡ್ಡ ಪಂಡಿತ, ಆ ನಂಟಿನಿಂದಲೇ ಊರ ತುಂಬ ಮಿಠಾಯಿ ಅಂಗಡಿಗಳು. ಹಸಿರು ಬಣ್ಣದ, ಅಂಟಕ್ಕಿ ಹಿಟ್ಟಿನ ‘ವಾಕಾಕುಸಾ’ ಕೇಳಿ, ಅಮ್ಮನಿಗೆ ಇಷ್ಟವಾದೀತು.