50 ಎಂಎಂ ಲೆನ್ಸ್‌ನಲ್ಲಿ ತೆಗೆದ ನಕ್ಷತ್ರಗಳೆಲ್ಲ ನೀಲಿ ಉಂಡೆಗಳಾಗಿವೆ, ಲೆನ್ಸ್ ಬದಲಿಸಬೇಕಾ?

ನೀವು ಕೇಳಿರುವುದು ಇಷ್ಟು. ದಾವಣಗೆರೆಯ ಹೊರಗೆ ಗದ್ದೆ ಬಯಲಿನಲ್ಲಿ ನಿಂತು 50 ಎಂಎಂ ಎಫ್ 1.8 ಲೆನ್ಸ್‌ನಲ್ಲಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಫೋಟೋಗಳನ್ನು ತೆಗೆದಿದ್ದೀರಿ. ಅವನ್ನು ಸ್ಟ್ಯಾಕ್ ಮಾಡಿ, ಅಂದರೆ ಒಂದರ ಮೇಲೊಂದು ಸೇರಿಸಿ ಒಂದೇ ಚಿತ್ರ ಮಾಡಿ, ಬೆಳಗಿಸಿದ ಮೇಲೆ ರೈಜೆಲ್, ನಡುಪಟ್ಟಿಯ ಮೂರು ನಕ್ಷತ್ರಗಳು ಎಲ್ಲವೂ ನೀಲಿ-ನೇರಳೆ ಉಂಡೆಗಳಾಗಿವೆ. ಅದೇ ಪುಂಜದ ಕೆಂಪು ನಕ್ಷತ್ರ ಆರಿದ್ರಾ ಮಾತ್ರ ಚೆನ್ನಾಗಿ ಬಂದಿದೆ. ಲೆನ್ಸ್ ಕೆಟ್ಟಿದೆಯಾ ಅಂತ ಅನುಮಾನ.

ಲೆನ್ಸ್ ಕೆಟ್ಟಿಲ್ಲ. ಆರಿದ್ರಾ ಚೆನ್ನಾಗಿದೆ ಅಂದಿರಲ್ಲ, ಉತ್ತರ ಅಲ್ಲೇ ಇದೆ. ಆರಿದ್ರಾದ ಮೇಲ್ಮೈ ಬಿಸಿ ಸುಮಾರು 3,500 ಕೆಲ್ವಿನ್. ಅದರಿಂದ ನೇರಳೆ ಬೆಳಕು ಬರುವುದೇ ಕಡಿಮೆ. ರೈಜೆಲ್ ಸುಮಾರು 12,000 ಕೆಲ್ವಿನ್. ನಡುಪಟ್ಟಿಯವು 25,000ಕ್ಕಿಂತ ಜಾಸ್ತಿ. ಇವು ನೀಲಿ, ನೇರಳೆ, ಅದರಾಚೆಯ ಬೆಳಕನ್ನು ಸುರಿಯುತ್ತವೆ. ಗಾಜು ಒಂದೊಂದು ಬಣ್ಣವನ್ನು ಒಂದೊಂದು ಪ್ರಮಾಣದಲ್ಲಿ ಬಾಗಿಸುತ್ತದೆ. ನೇರಳೆ ಕಡೆಗೆ ಹೋದಂತೆ ಈ ವ್ಯತ್ಯಾಸ ಬೇಗ ಬೇಗ ಏರುತ್ತದೆ. ಲೆನ್ಸ್ ಮಾಡುವವರು ನಮ್ಮ ಕಣ್ಣಿಗೆ ಚೆನ್ನಾಗಿ ಕಾಣುವ ಹಸಿರು-ಹಳದಿಯ ಸುತ್ತಮುತ್ತ ಸರಿಪಡಿಸುತ್ತಾರೆ. 400ರಿಂದ 430 ನ್ಯಾನೋಮೀಟರ್ ಭಾಗ ಹೊರಗೇ ಉಳಿಯುತ್ತದೆ. ನಮ್ಮ ಕಣ್ಣು ಅದನ್ನು ಅಷ್ಟಾಗಿ ಹಿಡಿಯುವುದಿಲ್ಲ, ಸೆನ್ಸರ್ ಹಿಡಿಯುತ್ತದೆ. ಹಸಿರಿಗೆ ಚೂಪಾಗಿ ಫೋಕಸ್ ಮಾಡಿದಾಗ ಈ ನೇರಳೆ ಬೆಳಕು ಸುತ್ತಲೂ ಹರಡಿ ಬೀಳುತ್ತದೆ. ಒಂದೊಂದು ಫೋಟೋದಲ್ಲಿ ಅದು ತೆಳುವಾಗಿರುತ್ತದೆ. ಸ್ಟ್ಯಾಕ್ ಮಾಡಿ ಹಿಸ್ಟೋಗ್ರಾಂ ಎಳೆದಾಗ, ಅಂದರೆ ಮಬ್ಬು ಭಾಗಗಳನ್ನು ಬೆಳಗಿಸಿದಾಗ, ಎದ್ದು ಕಾಣುತ್ತದೆ.

ಇದೇ ತೊಂದರೆ ಹೌದಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಚಿತ್ರದ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬಿಡಿಸಿ ಪಕ್ಕಪಕ್ಕ ಇಡಿ. ಸಿರಿಲ್ ಉಚಿತ ಸಾಫ್ಟ್‌ವೇರ್, ಅದರಲ್ಲಿ ಆಗುತ್ತದೆ. ಚೌಕಟ್ಟಿನ ನಡುವೆ ಇರುವ ಒಂದು ನಕ್ಷತ್ರವನ್ನು ದೊಡ್ಡದು ಮಾಡಿ ನೋಡಿ. ಹಸಿರಿನಲ್ಲಿ ಚುಕ್ಕಿ, ನೀಲಿಯಲ್ಲಿ ಮಾತ್ರ ಉಂಡೆ ಇದ್ದರೆ ನಾನು ಹೇಳುತ್ತಿರುವುದೇ ತೊಂದರೆ. ನಡುವೆ ಸರಿಯಿದ್ದು ಅಂಚಿನಲ್ಲಿ ಮಾತ್ರ ಒಂದು ಬದಿಗೆ ನೀಲಿ, ಎದುರು ಬದಿಗೆ ಕೆಂಪು ಕಂಡರೆ ಅದು ಬೇರೆ ದೋಷ. ಚಾನೆಲ್‌ಗಳನ್ನು ಒಂದರ ಮೇಲೊಂದು ಹೊಂದಿಸಿದರೆ ಬಹುಪಾಲು ಹೋಗುತ್ತದೆ. ಮೂರರಲ್ಲೂ ಉಂಡೆಯೇ ಇದ್ದರೆ ಫೋಕಸ್ ತಪ್ಪಿದೆ, ಇಲ್ಲವೇ ಲೆನ್ಸ್ ಮೇಲೆ ಇಬ್ಬನಿ ಕೂತಿದೆ. ಭದ್ರಾ ನಾಲೆಯ ನೀರು ಹರಿಯುವ ಗದ್ದೆಗಳ ನಡುವೆ ಚಳಿಗಾಲದಲ್ಲಿ ಲೆನ್ಸ್ ಬೇಗ ಒದ್ದೆಯಾಗುತ್ತದೆ. ನಾನಾದರೆ ಜಗಳೂರು ಕಡೆಯ ಒಣ ಬಯಲಿಗೆ ಹೋಗುತ್ತೇನೆ. ಅಲ್ಲಿ ಇಬ್ಬನಿಯೂ ಕಡಿಮೆ, ಊರಿನ ಬಿಳಿ ಎಲ್‌ಇಡಿ ದೀಪಗಳ ಕಾಟವೂ ಕಡಿಮೆ.

ಈಗ ಮುಖ್ಯ ವಿಷಯ, ಫೋಕಸ್. ಎಲ್ಲರೂ ಸಾಫ್ಟ್‌ವೇರ್ ಬಗ್ಗೆ ಕೇಳುತ್ತಾರೆ. ಆದರೆ ನೀಲಿ ಉಬ್ಬನ್ನು ಹೆಚ್ಚು ಇಳಿಸುವುದು ಫೋಕಸ್ ರಿಂಗೇ. ಕೈಯಿಂದ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.

ಆರಿದ್ರಾ ಮೇಲೆ ಫೋಕಸ್ ಮಾಡಬೇಡಿ. ರೈಜೆಲ್ ಮೇಲೆ ಮಾಡಿ. ನಮ್ಮ ಊರುಗಳಿಂದ ಅದು ಆಕಾಶದಲ್ಲಿ ಸುಮಾರು 67 ಡಿಗ್ರಿ ಎತ್ತರಕ್ಕೆ ಏರುತ್ತದೆ, ಅದು ಮೇಲೆ ಬರುವವರೆಗೆ ಕಾಯಿರಿ. ತಗ್ಗಿನಲ್ಲಿದ್ದಾಗ ಗಾಳಿಯೇ ಬಣ್ಣಗಳನ್ನು ಬೇರ್ಪಡಿಸಿ ಗೊಂದಲ ಮಾಡುತ್ತದೆ. ರೈಜೆಲ್ ಅನ್ನು ಚೌಕಟ್ಟಿನ ನಡುವಿನಿಂದ ಮೂರನೇ ಒಂದು ಭಾಗ ಆಚೆಗೆ ತನ್ನಿ. ಹಾಗೆ ಮಾಡಿದರೆ ನಡು ಮತ್ತು ಅಂಚು ಎರಡಕ್ಕೂ ಒಂದು ಮಟ್ಟಿಗೆ ಒಗ್ಗುವ ಫೋಕಸ್ ಸಿಗುತ್ತದೆ. ಲೈವ್ ವ್ಯೂನಲ್ಲಿ ಪೂರ್ತಿ ಜೂಮ್ ಮಾಡಿ ರಿಂಗನ್ನು ಮೆಲ್ಲಗೆ ತಿರುಗಿಸಿ. ಒಂದು ಕಡೆ ತಿರುಗಿಸಿದರೆ ನಕ್ಷತ್ರದ ಸುತ್ತ ನೇರಳೆ ಬಳೆ ಮೂಡುತ್ತದೆ. ಇನ್ನೊಂದು ಕಡೆ ಕೆಂಪು ಅಥವಾ ಹಸಿರು ಬಳೆ. ಎರಡರ ನಡುವೆ ನಕ್ಷತ್ರ ಅತಿ ಚಿಕ್ಕದಾಗಿ ಕಾಣುವ ಜಾಗದಲ್ಲಿ ನಿಲ್ಲಿಸುವುದು ವಾಡಿಕೆ. ನೀವು ಅಲ್ಲಿ ನಿಲ್ಲಿಸಬೇಡಿ. ಅಲ್ಲಿಂದ ಕೆಂಪಿನ ಕಡೆಗೆ ಕೂದಲೆಳೆಯಷ್ಟು ಸರಿಸಿ. ನೇರಳೆ ಸತ್ತು ಕೆಂಪು ಇನ್ನೇನು ಶುರುವಾಗುತ್ತಿದೆ ಅನ್ನುವ ಜಾಗವೇ ನಿಮಗೆ ಬೇಕಾದದ್ದು. ಹಿಂದಿನ ಪುಟ್ಟ ಸ್ಕ್ರೀನ್‌ನಲ್ಲಿ ತೆಳು ಬಳೆ ಕಾಣುವುದಿಲ್ಲ. ಹಾಗಾಗಿ ಪ್ರತಿ ಸಲ ಸರಿಸಿದ ಮೇಲೆ ಐದು ಸೆಕೆಂಡಿನ ಒಂದು ಫೋಟೋ ತೆಗೆದು ಜೂಮ್ ಮಾಡಿ ನೋಡಿ. ಅಗ್ಗದ 50 ಎಂಎಂ ಲೆನ್ಸ್‌ಗಳ ರಿಂಗ್ ಬಲು ಚುರುಕು, ಬೆರಳು ತಾಗಿದರೂ ಜರುಗುತ್ತದೆ. ಜಾಗ ಸಿಕ್ಕ ತಕ್ಷಣ ಟೇಪ್ ಹಚ್ಚಿಬಿಡಿ. ರಾತ್ರಿ ತಣ್ಣಗಾದಂತೆ ಫೋಕಸ್ ಜರುಗುತ್ತದೆ, ನಡುನಡುವೆ ಮತ್ತೆ ನೋಡಿ.

ಎರಡನೆಯದು ಅಪರ್ಚರ್, ಅಂದರೆ ಲೆನ್ಸ್ ಒಳಗೆ ಬೆಳಕು ಬಿಡುವ ತೂತು. ಸಂಖ್ಯೆ ದೊಡ್ಡದಾದಷ್ಟೂ ತೂತು ಚಿಕ್ಕದು. 1.8ರಲ್ಲೇ ಪೂರ್ತಿ ತೆರೆದು ತೆಗೆದಿದ್ದೀರಿ, ಅದನ್ನು 2.8ಕ್ಕೆ ಇಳಿಸಿ. ಫೋಕಸ್ ತಪ್ಪಿದ ಬೆಳಕಿನ ವೃತ್ತದ ಅಗಲ ಹೆಚ್ಚುಕಡಿಮೆ ಮೂರನೇ ಎರಡು ಭಾಗಕ್ಕೆ ಇಳಿಯುತ್ತದೆ. ಬೆಳಕೂ ಶೇಕಡ 40ರಷ್ಟಕ್ಕೆ ಇಳಿಯುತ್ತದೆ, ನಿಜ. ನಕ್ಷತ್ರಗಳ ಜೊತೆಗೇ ಕ್ಯಾಮೆರಾ ತಿರುಗಿಸುವ ಟ್ರ್ಯಾಕರ್ ಇಲ್ಲದಿದ್ದರೆ ಎಕ್ಸ್‌ಪೋಷರ್ ಉದ್ದ ಮಾಡಲು ಆಗುವುದಿಲ್ಲ. ಎಪಿಎಸ್-ಸಿ (ಚಿಕ್ಕ ಸೆನ್ಸರ್‌ನ) ಕ್ಯಾಮೆರಾದಲ್ಲಿ 50 ಎಂಎಂಗೆ ಆರು ಸೆಕೆಂಡ್ ದಾಟಿದರೆ ನಕ್ಷತ್ರ ಗೆರೆಯಾಗಿ ಎಳೆದುಕೊಳ್ಳುತ್ತದೆ, ಅದೂ ಮಹಾವ್ಯಾಧ ನಕ್ಷತ್ರಗಳು ಬೇಗ ಜರುಗುವ ಆಕಾಶದ ಸಮಭಾಜಕದ ಮೇಲೇ ಇರುವುದರಿಂದ. ಆದ್ದರಿಂದ ಎರಡೂವರೆ ಪಟ್ಟು ಫೋಟೋ ಜಾಸ್ತಿ ತೆಗೆದು ಸ್ಟ್ಯಾಕ್ ಮಾಡಿ.

ಒಳಗಿನ ಅಪರ್ಚರ್ ಬ್ಲೇಡ್‌ಗಳನ್ನು ಮುಚ್ಚಿದರೆ ದೊಡ್ಡ ನಕ್ಷತ್ರಗಳಿಗೆ ಮುಳ್ಳು ಮೂಡುತ್ತದೆ. ನನಗೆ ಅದು ಹಿಡಿಸುವುದಿಲ್ಲ. ಬ್ಲೇಡ್ ಪೂರ್ತಿ ತೆರೆದಿಟ್ಟು ಲೆನ್ಸ್ ಮುಂದೆ ರಟ್ಟಿನ ಬಿಲ್ಲೆ ಕೂರಿಸುತ್ತೇನೆ. 50ನ್ನು 2.8ರಿಂದ ಭಾಗಿಸಿದರೆ ಸುಮಾರು 18. ಅಂದರೆ ಮಿಠಾಯಿ ಡಬ್ಬಿಯ ಕಪ್ಪು ರಟ್ಟಿನಲ್ಲಿ, ನಟ್ಟ ನಡುವೆ, 18 ಮಿಲಿಮೀಟರ್ ಅಗಲದ ದುಂಡು ತೂತು. ಕಂಪಾಸ್‌ನಿಂದ ಗೆರೆ ಎಳೆದು ಬ್ಲೇಡ್‌ನಿಂದ ಕೊರೆಯಿರಿ, ಅಂಚನ್ನು ಮರಳುಕಾಗದದಿಂದ ನಯ ಮಾಡಿ. ಅಂಚು ಹರಿದು ಒರಟಾಗಿದ್ದರೆ ಅದೂ ನಕ್ಷತ್ರದಲ್ಲಿ ಕಾಣುತ್ತದೆ. ಇದು 50 ಎಂಎಂ ಅಥವಾ ಅದಕ್ಕಿಂತ ಉದ್ದದ ಲೆನ್ಸ್‌ಗೆ ಮಾತ್ರ. 18 ಎಂಎಂನಂಥ ಅಗಲದ ಲೆನ್ಸ್‌ಗೆ ಹೀಗೆ ಮಾಡಿದರೆ ಮೂಲೆಗಳು ಕಪ್ಪಾಗುತ್ತವೆ.

ಫಿಲ್ಟರ್ ಬೇಕೇ ಬೇಕು ಅಂತಿಲ್ಲ. ಇವೆರಡೂ ಮಾಡಿದ ಮೇಲೂ ಉಳಿದರೆ 420 ನ್ಯಾನೋಮೀಟರ್‌ಗಿಂತ ಕೆಳಗಿನದನ್ನು ತಡೆಯುವ ಫಿಲ್ಟರ್ ನೋಡಿ. ಹಳದಿ ಗಾಜಿನ ಫಿಲ್ಟರ್ ಅಗ್ಗ, ಉಬ್ಬನ್ನೂ ತಡೆಯುತ್ತದೆ, ಆದರೆ ಒಳ್ಳೆಯ ನೀಲಿಯನ್ನೂ ತಿನ್ನುತ್ತದೆ. ಕೃತ್ತಿಕೆಯ ಸುತ್ತಲಿನ ನೀಲಿ ಮಬ್ಬು ಹೋದರೆ ಫೋಟೋ ತೆಗೆದು ಏನು ಬಂತು?

ಇನ್ನು ಈಗಾಗಲೇ ತೆಗೆದಿರುವ ಫೋಟೋ. ಇಡೀ ಚಿತ್ರದ ನೀಲಿ ಬಣ್ಣವನ್ನು ಸುಮ್ನೆ ಇಳಿಸಬೇಡಿ, ರೈಜೆಲ್ ನಿಜವಾಗಿಯೂ ನೀಲಿ-ಬಿಳಿ ನಕ್ಷತ್ರ. ಮೊದಲು ಬಣ್ಣದ ಹೊಂದಾಣಿಕೆ ಮುಗಿಸಿ. ಹಿಸ್ಟೋಗ್ರಾಂ ಎಳೆಯುವ ಮೊದಲೇ ಸಿರಿಲ್ ಒಳಗಿಂದ ಸ್ಟಾರ್‌ನೆಟ್ (ನಕ್ಷತ್ರಗಳನ್ನು ಬೇರ್ಪಡಿಸುವ ಸಾಫ್ಟ್‌ವೇರ್) ಓಡಿಸಿ ನಕ್ಷತ್ರಗಳನ್ನು ಬೇರೆ ಚಿತ್ರವಾಗಿ ತೆಗೆಯಿರಿ. ನೀಹಾರಿಕೆ (ಆಕಾಶದ ಮೋಡದಂಥ ಮಬ್ಬು) ಇರುವ ಚಿತ್ರವನ್ನು ಈಗ ಮುಟ್ಟಬೇಡಿ. ನಕ್ಷತ್ರಗಳ ಚಿತ್ರದ ಚಾನೆಲ್ ಬಿಡಿಸಿ ಸಿರಿಲ್‌ನ ಪಿಕ್ಸೆಲ್ ಮ್ಯಾಥ್‌ನಲ್ಲಿ (ಚಿತ್ರದ ಚುಕ್ಕಿಗಳ ಬೆಲೆಗೆ ಸೂತ್ರ ಹಾಕುವ ಸಾಧನ) ಒಂದೇ ಕಟ್ಟಳೆ ಹಾಕಿ: ನೀಲಿಯ ಬೆಲೆ ಹಸಿರಿನ ಒಂದೂವರೆ ಪಟ್ಟು ಮೀರಬಾರದು, ಮೀರಿದ ಕಡೆ ಅಷ್ಟಕ್ಕೇ ಕತ್ತರಿಸು. ಉಂಡೆಯ ಹೊರ ಬಳೆಯಲ್ಲಿ ಹಸಿರು ಬಹಳ ಕಡಿಮೆ ಇರುವುದರಿಂದ ಅಲ್ಲಿನ ನೀಲಿ ತಾನಾಗಿ ಕುಸಿಯುತ್ತದೆ. ನಕ್ಷತ್ರದ ನಡುಭಾಗ ಹಾಗೇ ಉಳಿಯುತ್ತದೆ. ಆಮೇಲೆ ಚಾನೆಲ್‌ಗಳನ್ನು ಕೂಡಿಸಿ, ನಕ್ಷತ್ರಗಳನ್ನು ನೀಹಾರಿಕೆಗಿಂತ ಕಡಿಮೆ ಬೆಳಗಿಸಿ, ಎರಡೂ ಚಿತ್ರ ಸೇರಿಸಿ. ಬಳೆ ಇನ್ನೂ ಉಳಿದಿದ್ದರೆ 1.5 ಅನ್ನು 1.4, 1.3 ಅಂತ ಇಳಿಸುತ್ತಾ ಹೋಗಿ. ರೈಜೆಲ್ ಬರೀ ಬಿಳಿಯಾಗಿ ಕಂಡರೆ ಅತಿಯಾಯಿತು ಅಂತ, ಒಂದು ಹೆಜ್ಜೆ ಹಿಂದಕ್ಕೆ ಬನ್ನಿ.