ಓದುಗರ ಪ್ರಶ್ನೆ – ತಂತ್ರಜ್ಞರ ಉತ್ತರ: ಲ್ಯಾಪ್‌ಟಾಪಿನ ಬಿಸಿ, ಫ್ಯಾನಿನ ಸದ್ದು

ಪ್ರಶ್ನೆ: ಮಡಿಕೇರಿಯ ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತೇನೆ. ಮಳೆಗಾಲದಲ್ಲಿ ಕೋಣೆಯೊಳಗೆ 20 ಡಿಗ್ರಿ ಇದ್ದರೂ ಐದು ವರ್ಷದ ಲ್ಯಾಪ್‌ಟಾಪಿನ ಫ್ಯಾನು ಸದಾ ಜೋರಾಗಿ ತಿರುಗುತ್ತದೆ. ಸಾಫ್ಟ್‌ವೇರ್ ಹಾಕಿ ವೇಗ ಇಳಿಸಬಹುದೇ?

ಉತ್ತರ: ಇಳಿಸುವ ಮುಂಚೆ ಅದು ಯಾಕೆ ತಿರುಗುತ್ತಿದೆ ಎಂದು ತಿಳಿದುಕೊಳ್ಳಿ. ಯಂತ್ರದೊಳಗಿನ ಬಿಸಿ, ಫ್ಯಾನಿನ ವೇಗ ತೋರಿಸುವ ಎಚ್‌ಡಬ್ಲ್ಯೂಇನ್ಫೋ64 ಎಂಬ ಪ್ರೋಗ್ರಾಂ ಹಾಕಿಕೊಂಡು, ತೆರೆಯುವಾಗ 'ಸೆನ್ಸರ್ಸ್ ಓನ್ಲಿ' ಗುರುತು ಮಾಡಿ. ನೂರಾರು ಸಾಲು ಕಾಣುತ್ತವೆ. ನಿಮಗೆ ಬೇಕಾದದ್ದು ಮೂರೇ: ಸಿಪಿಯು ಪ್ಯಾಕೇಜಿನ (ಅಂದರೆ ಇಡೀ ಪ್ರೊಸೆಸರ್ ಚಿಪ್ಪಿನ) ಉಷ್ಣತೆ, ಅದೇ ಪ್ಯಾಕೇಜಿನ ಪವರ್ (ವ್ಯಾಟ್), ಫ್ಯಾನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು). ಈ ಮೂರನ್ನೂ ಒಟ್ಟಿಗೆ ಓದಬೇಕು. ಒಂದನ್ನೇ ನೋಡಿದರೆ ದಾರಿ ತಪ್ಪುತ್ತದೆ. ತೆರೆದಿರುವ ಬೇರೆ ಪ್ರೋಗ್ರಾಂಗಳನ್ನೆಲ್ಲ ಮುಚ್ಚಿ 10 ನಿಮಿಷ ಬಿಟ್ಟು ಅಂಕಿ ಬರೆದುಕೊಳ್ಳಿ. ಆಮೇಲೆ ಕೆಳಗಿನ ಗಡಿಯಾರದ ಗುಂಡಿ ಒತ್ತಿ ಲೆಕ್ಕ ಹೊಸದಾಗಿ ಶುರುಮಾಡಿ, 15 ನಿಮಿಷ ವಿಡಿಯೊ ಮೀಟಿಂಗ್ ನಡೆಸಿ, 'ಮ್ಯಾಕ್ಸಿಮಂ' ಕಾಲಂ ನೋಡಿ.

ಸುಮ್ಮನಿದ್ದಾಗಲೂ 12–15 ವ್ಯಾಟ್ ಎಳೆಯುತ್ತಿದ್ದರೆ ತಪ್ಪು ಫ್ಯಾನಿನದ್ದಲ್ಲ, ಯಾವುದೋ ಪ್ರೋಗ್ರಾಂ ಹಿಂದೆ ಓಡುತ್ತಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರಿನ ಸಿಪಿಯು ಕಾಲಂ ಮೇಲೆ ಕ್ಲಿಕ್ ಮಾಡಿದರೆ ಅದು ಮೇಲಕ್ಕೆ ಬರುತ್ತದೆ. ವ್ಯಾಟ್ ಮೂರೋ ನಾಲ್ಕೋ ಇದ್ದು, ಉಷ್ಣತೆ 75 ದಾಟಿ, ಆರ್‌ಪಿಎಂ 4,000ದ ಮೇಲಿದ್ದರೆ ಬಿಸಿ ಹೊರಗೆ ಹೋಗುತ್ತಿಲ್ಲ. ನಿಮ್ಮದು ಬಹುಶಃ ಇದೇ. 'ಥರ್ಮಲ್ ಥ್ರಾಟ್ಲಿಂಗ್' ಸಾಲಿನಲ್ಲಿ 'ಯೆಸ್' ಎಂದು ಬಂದರೆ ಪ್ರೊಸೆಸರ್ ತನ್ನ ಮಿತಿ ಮುಟ್ಟಿ ತಾನೇ ನಿಧಾನವಾಗಿದೆ ಎಂದರ್ಥ. ಹಲವು ಇಂಟೆಲ್ ಚಿಪ್‌ಗಳಿಗೆ ಆ ಮಿತಿ 100 ಡಿಗ್ರಿ, ಎಎಂಡಿ ಕಂಪನಿಯ ಹಲವು ರೈಜನ್ ಚಿಪ್‌ಗಳಿಗೆ 95.

ಕೊಡಗಿನ ಮನೆಗಳಲ್ಲಿ ಒಲೆಯ ಹೊಗೆಯ ಜಿಡ್ಡು, ಕಾಫಿ ಕಣದ ಧೂಳು, ಮಳೆಗಾಲದ ತೇವ ಮೂರೂ ಸೇರಿ ಫ್ಯಾನಿಗೂ ಬಿಸಿ ಹೊರಹಾಕುವ ತಾಮ್ರದ ರೆಕ್ಕೆಗಳಿಗೂ ನಡುವೆ ಕಂಬಳಿಯಂಥ ಪದರ ಕಟ್ಟುತ್ತದೆ. ಹೊರಗಿನಿಂದ ಗಾಳಿ ಊದಿದರೆ ಅದು ಹೋಗುವುದಿಲ್ಲ. ಲ್ಯಾಪ್‌ಟಾಪ್ ಆಫ್ ಮಾಡಿ, ತಳ ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆಯಿರಿ. ಫ್ಯಾನ್ ಕಳಚಿ ಪದರವನ್ನು ಚಿಮಟದಲ್ಲಿ ಎಳೆದು ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಕಡ್ಡಿಯಿಂದ ಫ್ಯಾನಿನ ರೆಕ್ಕೆ ತಿರುಗದಂತೆ ತಡೆಯಿರಿ, ಇಲ್ಲದಿದ್ದರೆ ಬೇರಿಂಗ್ ಹಾಳಾಗುತ್ತದೆ. ಐದು ವರ್ಷವಾಗಿರುವುದರಿಂದ ಥರ್ಮಲ್ ಪೇಸ್ಟನ್ನೂ (ಚಿಪ್ಪಿನ ಬಿಸಿಯನ್ನು ಅದರ ಮೇಲಿನ ಲೋಹದ ಹೀಟ್‌ಸಿಂಕಿಗೆ ದಾಟಿಸುವ ಲೇಪ) ಬದಲಿಸಿ: ಹೀಟ್‌ಸಿಂಕ್ ಬಿಚ್ಚಿ, ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಚಿಪ್ಪಿನ ನಡುವೆ ಅಕ್ಕಿಕಾಳಿನಷ್ಟು ಹಾಕಿ, ಹೀಟ್‌ಸಿಂಕಿನ ಸ್ಕ್ರೂಗಳನ್ನು ಅದರ ಮೇಲೆ ಬರೆದ 1, 2, 3, 4ರ ಕ್ರಮದಲ್ಲೇ ಸ್ವಲ್ಪಸ್ವಲ್ಪ ಬಿಗಿಯಿರಿ. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಚಿಪ್ ಬಿರಿಯುವ ಅಪಾಯವಿದೆ. ಮುಗಿದ ಮೇಲೆ ಅದೇ 15 ನಿಮಿಷದ ಪರೀಕ್ಷೆ ನಡೆಸಿ ಹಳೆಯ ಅಂಕಿಗಳ ಪಕ್ಕದಲ್ಲಿಟ್ಟು ನೋಡಿ.

ಪ್ರಶ್ನೆ: ಫ್ಯಾನಿನ ವೇಗ ಇಳಿಸಲೆಂದು ಸ್ಪೀಡ್‌ಫ್ಯಾನ್ ಎಂಬ ಪ್ರೋಗ್ರಾಂ ಹಾಕಿದೆ, ಫ್ಯಾನೇ ಕಾಣಿಸುತ್ತಿಲ್ಲ. ಬೇರೆ ದಾರಿ ಇದೆಯೇ? – ಗೋಣಿಕೊಪ್ಪಲು

ಉತ್ತರ: ಲ್ಯಾಪ್‌ಟಾಪಿನ ಫ್ಯಾನನ್ನು ನಡೆಸುವುದು ವಿಂಡೋಸ್ ಅಲ್ಲ, ಬೋರ್ಡಿನ ಮೇಲಿರುವ ಎಂಬೆಡೆಡ್ ಕಂಟ್ರೋಲರ್ ಎಂಬ ಸಣ್ಣ ಚಿಪ್. ಸ್ಪೀಡ್‌ಫ್ಯಾನ್ ಹಳೆಯದು, ಬಹುಮಟ್ಟಿಗೆ ಡೆಸ್ಕ್‌ಟಾಪ್ ಬೋರ್ಡುಗಳನ್ನು ಬಲ್ಲದ್ದು. ನೋಟ್‌ಬುಕ್ ಫ್ಯಾನ್‌ಕಂಟ್ರೋಲ್ ಎಂಬ ಪ್ರೋಗ್ರಾಂ ಆ ಚಿಪ್ಪಿಗೇ ಬರೆಯುತ್ತದೆ, ಆದರೆ ಅದರ ಪಟ್ಟಿಯಲ್ಲಿ ನಿಮ್ಮ ಮಾಡೆಲ್ ಇದ್ದರೆ ಮಾತ್ರ ಬಳಸಿ. ಹತ್ತಿರದ ಮಾಡೆಲಿನ ಫೈಲ್ ಹಾಕಿದರೆ ತಪ್ಪು ಜಾಗಕ್ಕೆ ಬರೆದು ಫ್ಯಾನೇ ನಿಲ್ಲಬಹುದು. ವೇಗದ ಮೆಟ್ಟಿಲು ಹಾಕುವಾಗ ಏರುವ ಡಿಗ್ರಿಗಿಂತ ಇಳಿಯುವ ಡಿಗ್ರಿ 4–5 ಕಡಿಮೆ ಇರಲಿ: 60ಕ್ಕೆ ಏರಿದ್ದು 55ಕ್ಕೆ ಇಳಿಯಲಿ. ಎರಡೂ ಒಂದೇ ಆದರೆ ಫ್ಯಾನು ನಿಮಿಷಕ್ಕೆ ಹತ್ತು ಸಲ ಗುಂಯ್ ಎಂದು ಏರಿಳಿಯುತ್ತದೆ.

ಹೆಚ್ಚಿನವರಿಗೆ ಇದಕ್ಕಿಂತ ಒಳ್ಳೆಯ ದಾರಿ ಬಿಸಿಯನ್ನೇ ಕಡಿಮೆ ಮಾಡುವುದು. ಲೆನೊವೊದ ಹಲವು ಮಾಡೆಲ್‌ಗಳಲ್ಲಿ ಎಫ್‌ಎನ್ ಮತ್ತು ಕ್ಯೂ ಒತ್ತಿದರೆ ಮೋಡ್ (ಹೆಚ್ಚು ವೇಗವೋ, ಕಡಿಮೆ ಸದ್ದೋ) ಬದಲಾಗುತ್ತದೆ. ಎಚ್‌ಪಿಯಲ್ಲಿ ಶುರುವಾಗುವಾಗ ಎಫ್10 ಒತ್ತಿ ಬಯಾಸಿಗೆ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ಹೋಗಿ. 'ಫ್ಯಾನ್ ಆಲ್ವೇಸ್ ಆನ್' ಇದ್ದರೆ ಅದನ್ನು ಆಫ್ ಮಾಡಿ. ವಿಂಡೋಸಿನ ಪವರ್ ಆಪ್ಷನ್ಸಿನ ಅಡ್ವಾನ್ಸ್‌ಡ್ ಪಟ್ಟಿಯಲ್ಲಿ 'ಮ್ಯಾಕ್ಸಿಮಂ ಪ್ರೊಸೆಸರ್ ಸ್ಟೇಟ್' 99 ಮಾಡಿದರೆ ಸಾಮಾನ್ಯವಾಗಿ ಟರ್ಬೊ (ಪ್ರೊಸೆಸರ್ ಆಗಾಗ ತನ್ನ ಮಾಮೂಲಿ ವೇಗ ಮೀರಿ ಓಡುವುದು) ನಿಲ್ಲುತ್ತದೆ, ಉಷ್ಣತೆ ಒಮ್ಮೆಲೇ ಇಳಿಯುತ್ತದೆ. ಲೆಕ್ಕಪತ್ರ, ಬ್ರೌಸರ್‌ಗೆ ವ್ಯತ್ಯಾಸ ತಿಳಿಯುವುದೇ ಕಷ್ಟ. ಹೊಸ ಯಂತ್ರಗಳಲ್ಲಿ ಈ ಸಾಲು ಅಡಗಿರುವುದುಂಟು.

ಪ್ರಶ್ನೆ: ತೇವ ಹೋಗಲೆಂದು ಲ್ಯಾಪ್‌ಟಾಪನ್ನು ಅಗ್ಗಿಷ್ಟಿಕೆಯ ಹತ್ತಿರ ಇಡಬಹುದೇ? – ಸೋಮವಾರಪೇಟೆ

ಉತ್ತರ: ಬೇಡ. ಬೂದಿಯನ್ನೂ ಹೊಗೆಯನ್ನೂ ಫ್ಯಾನು ಒಳಗೆ ಎಳೆದುಕೊಳ್ಳುತ್ತದೆ. ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಅದರ ಬಿಸಿಯೇ ಒಳಗಿನ ತೇವ ಒಣಗಿಸುತ್ತದೆ. ಬಳಸದ ದಿನಗಳಲ್ಲಿ ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆಗಿಡಿ. ಚಳಿಯಲ್ಲಿದ್ದ ಲ್ಯಾಪ್‌ಟಾಪನ್ನು ಬೆಚ್ಚಗಿನ ಕೋಣೆಗೆ ತಂದರೆ ಬ್ಯಾಗಿನಿಂದ ತೆಗೆಯದೆ ಒಂದು ಗಂಟೆ ಬಿಟ್ಟು ಆಮೇಲೆ ಆನ್ ಮಾಡಿ. ತಣ್ಣನೆಯ ಬೋರ್ಡಿನ ಮೇಲೆ ನೀರು ಹನಿಗಟ್ಟುವುದು ತಂದ ಕೂಡಲೇ ತೆರೆದಾಗ.