ನಮ್ಮಿಬ್ಬರ ಜಗಳ ಪೆನ್‌ಡ್ರೈವಿನಲ್ಲಿ ಕೂತಿದೆ, ಏನು ಮಾಡಲಿ?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ತುಮಕೂರು ಜಿಲ್ಲೆಯಲ್ಲಿ ಹೈಸ್ಕೂಲ್ ಟೀಚರ್. ಮದುವೆಯಾಗಿ ಒಂಬತ್ತು ವರ್ಷ, ಏಳು ವರ್ಷದ ಮಗಳಿದ್ದಾಳೆ. ನಾನು ಕ್ರೌರ್ಯ ಎಸಗಿದ್ದೇನೆಂದು ನನ್ನವರು 2025ರ ಮಾರ್ಚ್‌ನಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದಾರೆ. ಜೊತೆಗೆ ಒಂದು ಪೆನ್‌ಡ್ರೈವ್ ಕೊಟ್ಟಿದ್ದಾರೆ. ಅದರಲ್ಲಿ ಎರಡು ವರ್ಷದ 14 ರೆಕಾರ್ಡಿಂಗ್ ಇವೆ. ಹನ್ನೊಂದು ನಮ್ಮಿಬ್ಬರ ಜಗಳ. ಒಂದರಲ್ಲಿ ನಾನು ಅತ್ತೆಗೆ ಕೆಟ್ಟದಾಗಿ ಬೈದಿದ್ದೇನೆ, ಅದು ನಿಜ. ಉಳಿದ ಮೂರು ನಾನು ನಮ್ಮ ಅಮ್ಮನ ಜೊತೆ ಫೋನಿನಲ್ಲಿ ಆಡಿದ ಮಾತು. ಹುಟ್ಟುಹಬ್ಬಕ್ಕೆ ಅವರು ಕೊಡಿಸಿದ ಫೋನಿನಲ್ಲೇ ಏನೋ ಆ್ಯಪ್ ಹಾಕಿದ್ದರಂತೆ. ಹೀಗೆ ಕದ್ದು ಕೇಳಿದ್ದನ್ನೆಲ್ಲ ಕೋರ್ಟು ಒಪ್ಪುತ್ತದೆಯೇ? ಎಲ್ಲರೆದುರು ಹಾಕಿ ಕೇಳಿಸುತ್ತಾರೆಂದು ನೆನೆದರೆ ರಾತ್ರಿ ನಿದ್ದೆ ಬರುವುದಿಲ್ಲ. ವಾಯಿದೆ ಮುಂದಿನ ತಿಂಗಳಿದೆ.

ಉತ್ತರ: ಮೊದಲು ಕಹಿ ಭಾಗ ಹೇಳಿಬಿಡುತ್ತೇನಮ್ಮ. ಆ ಹನ್ನೊಂದನ್ನು ‘ಗುಟ್ಟಾಗಿ ಮಾಡಿದ್ದು’ ಎಂಬ ಒಂದೇ ಕಾರಣ ಹೇಳಿ ಹೊರಗಿಡಿಸುವುದು ಈಗ ಆಗದ ಮಾತು. ಬಠಿಂಡಾದ ಫ್ಯಾಮಿಲಿ ಕೋರ್ಟಿನಲ್ಲಿ ಇಂಥದ್ದೇ ಒಂದು ಕೇಸಿತ್ತು. ಗಂಡ ತಂದ ರೆಕಾರ್ಡಿಂಗನ್ನು ಆ ಕೋರ್ಟು ಒಪ್ಪಿತ್ತು. ಪಂಜಾಬ್-ಹರಿಯಾಣ ಹೈಕೋರ್ಟು 2021ರಲ್ಲಿ ಖಾಸಗಿತನದ ಹೆಸರಿನಲ್ಲಿ ಬೇಡವೆಂದಿತು. 2025ರ ಜುಲೈ 14ರಂದು ಸುಪ್ರೀಂ ಕೋರ್ಟಿನಲ್ಲಿ ನಮ್ಮ ಕರ್ನಾಟಕದವರೇ ಆದ ನ್ಯಾ. ಬಿ.ವಿ. ನಾಗರತ್ನ ಅವರಿದ್ದ ಪೀಠ ಹೈಕೋರ್ಟಿನ ಆದೇಶ ರದ್ದು ಮಾಡಿ, ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಎಂದಿತು. ಗಂಡ-ಹೆಂಡಿರ ಮಾತು ಬಯಲಾಗಬಾರದೆಂಬ ನಿಯಮ ಹಳೆಯ ಸಾಕ್ಷ್ಯ ಕಾಯ್ದೆಯ 122ನೇ ಕಲಮಿನಲ್ಲಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 128ರಲ್ಲಿದೆ. ಆದರೆ ಅವರಿಬ್ಬರ ನಡುವೆಯೇ ವ್ಯಾಜ್ಯ ನಡೆದಾಗ ಆ ಬೀಗ ಇಲ್ಲವೆಂದು ಅದೇ ಕಲಮು ಹೇಳುತ್ತದೆ. ಮನೆಯೊಳಗೆ ಒಬ್ಬರ ಮಾತನ್ನು ಇನ್ನೊಬ್ಬರು ಕದ್ದು ಕೇಳುವ ಹಂತ ಬಂದಿದೆಯೆಂದರೆ ಆ ಮದುವೆ ಅದಾಗಲೇ ಬಿರುಕು ಬಿಟ್ಟಿದೆ ಎಂಬುದು ಪೀಠದ ನಿಲುವು. ನನಗಿದು ಪೂರ್ತಿ ಒಪ್ಪಿಗೆಯಿಲ್ಲ. ಬಿರುಕನ್ನು ಇಂಥ ಕಳ್ಳಗಿವಿ ಇನ್ನಷ್ಟು ಅಗಲ ಮಾಡಿದ್ದನ್ನು ಕಣ್ಣಾರೆ ಕಂಡವಳು ನಾನು. ಆದರೆ ನಿಮ್ಮ ಕೇಸು ನಡೆಯುವುದು ನನ್ನ ಅಭಿಪ್ರಾಯದ ಮೇಲಲ್ಲವಲ್ಲ.

ಪೆನ್‌ಡ್ರೈವ್ ಕಡತಕ್ಕೆ ಸೇರಿದರೆ ಕೇಸು ಮುಗಿಯಿತೆಂದು ಮಾತ್ರ ತಿಳಿಯಬೇಡಿ. ಹಲವು ವರ್ಷಗಳ ಹಿಂದೆ ನಾನು ಹೆಂಡತಿಯ ಪರ ವಕಾಲತ್ತು ಹಾಕಿದ್ದ ಒಂದು ಕೇಸಿನಲ್ಲಿ, ಆಕೆ ಅಡುಗೆಮನೆಯಿಂದ ಕೂಗಾಡುವುದನ್ನು ಗಂಡ ರೆಕಾರ್ಡ್ ಮಾಡಿ ತಂದಿದ್ದ. ಹಿಂದೆ ಕುಕ್ಕರ್ ಕೂಗುವುದು ಕೇಳುತ್ತಿತ್ತು. ಎರಡು ಕೂಗು ಸರಿಯಾಗಿತ್ತು, ಮೂರನೆಯದು ಅರ್ಧಕ್ಕೇ ಕಡಿದು ಆಕೆಯ ಬೈಗುಳ ಶುರುವಾಗುತ್ತಿತ್ತು. ಪಾಟೀಸವಾಲಿನಲ್ಲಿ ನಾನು ಕೇಳಿದ್ದು ಇಷ್ಟೇ: “ಮೂರನೇ ಕೂಗಿನ ಉಳಿದರ್ಧ ಎಲ್ಲಿ ಸ್ವಾಮಿ?” ಕಡಿದ ಭಾಗದಲ್ಲಿದ್ದದ್ದು ಆತನದೇ ಮಾತು. ಅಂದಿನಿಂದ ಯಾವ ರೆಕಾರ್ಡಿಂಗ್ ಬಂದರೂ ನಾನು ಮೊದಲು ಮಾತನ್ನಲ್ಲ, ಹಿಂದಿನ ಸದ್ದನ್ನು ಕೇಳುತ್ತೇನೆ. ಫ್ಯಾನು, ಟಿವಿ, ಬೀದಿಯ ತರಕಾರಿ ಗಾಡಿ.

ನೀವೂ ಹಾಗೇ ಮಾಡಿ. ಪೆನ್‌ಡ್ರೈವಿನ ಪೂರ್ತಿ ನಕಲು ಮತ್ತು ಮಾತಿನ ಬರಹರೂಪ ಬೇಕೆಂದು ನಿಮ್ಮ ವಕೀಲರ ಮೂಲಕ ಅರ್ಜಿ ಕೊಡಿಸಿ. ರೆಕಾರ್ಡ್ ಮಾಡಿದ ಮೂಲ ಫೋನನ್ನೇ ಹಾಜರುಪಡಿಸಬೇಕೆಂದು ಕೇಳಿ. ನಿಮ್ಮದು 2024ರ ಜುಲೈ 1ರ ನಂತರ ಹಾಕಿದ ಕೇಸಾದ್ದರಿಂದ ಹೊಸ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದಕ್ಕೆ ನಿಮ್ಮವರು, ಇನ್ನೊಂದಕ್ಕೆ ತಜ್ಞರೊಬ್ಬರು ಸಹಿ ಹಾಕಬೇಕು, ಫೈಲಿನ ಹ್ಯಾಶ್ ಸಂಖ್ಯೆ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಹೆಬ್ಬೆಟ್ಟಿನ ಗುರುತು ಅಂದುಕೊಳ್ಳಿ, ಒಂದಕ್ಷರ ಬದಲಾದರೂ ಗುರುತು ಬೇರೆಯಾಗುತ್ತದೆ. ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 14ನೇ ಕಲಮು ನ್ಯಾಯಾಧೀಶರಿಗೆ ಸಾಕ್ಷ್ಯದ ನಿಯಮಗಳಿಂದ ಸಾಕಷ್ಟು ಸಡಿಲಿಕೆ ಕೊಟ್ಟಿದೆ, ನಿಮ್ಮವರ ವಕೀಲರು ಅದನ್ನೇ ಹಿಡಿಯುತ್ತಾರೆ. ಹಿಡಿಯಲಿ. ದಾಖಲೆಗೆ ನಿಶಾನೆ ಹಾಕುವ, ಅಂದರೆ ಅದನ್ನು ಸಾಕ್ಷ್ಯವೆಂದು ಗುರುತಿಸಿ ಸಂಖ್ಯೆ ಕೊಡುವ ಹೊತ್ತಿನಲ್ಲೇ ನಿಮ್ಮ ತಕರಾರು ದಾಖಲಾಗಿರಬೇಕು. ಆಮೇಲೆ ನೆನಪಾದರೆ ಪ್ರಯೋಜನವಿಲ್ಲ.

ಅತ್ತೆಗೆ ಬೈದದ್ದು ನಿಜವೆಂದು ನನಗೇ ಬರೆದಿದ್ದೀರಿ. ಕಟಕಟೆಯಲ್ಲಿ ನಿಂತು ‘ಅದು ನನ್ನ ದನಿಯಲ್ಲ’ ಅನ್ನಬೇಡಿ. ದನಿ ಪರೀಕ್ಷೆಗೆ ಕಳಿಸಿದರೆ ಆ ಒಂದು ಸುಳ್ಳು ನಿಮ್ಮ ನೂರು ನಿಜವನ್ನು ನುಂಗುತ್ತದೆ. ಬೈದೆ, ಆ ದಿನ ಮನೆಯಲ್ಲಿ ಹೀಗಾಗಿತ್ತು ಎಂದು ಹೇಳಿ. ಸುಪ್ರೀಂ ಕೋರ್ಟು 1975ರಲ್ಲಿ ತೀರ್ಮಾನಿಸಿದ ದಾಸ್ತಾನೆ ದಂಪತಿಯ ಪ್ರಕರಣದಿಂದಲೂ ಕೋರ್ಟುಗಳು ಕ್ರೌರ್ಯವನ್ನು ಅಳೆಯುವುದು ಇಡೀ ದಾಂಪತ್ಯದ ನಡವಳಿಕೆಯಿಂದ, ಒಂದು ಸಂಜೆಯ ಸಿಟ್ಟಿನಿಂದಲ್ಲ. ಎರಡು ವರ್ಷದಲ್ಲಿ ಹನ್ನೊಂದು ಜಗಳ! ನನ್ನ ಮನೆಯ ಲೆಕ್ಕ ಬರೆದಿಟ್ಟಿದ್ದರೆ ಇದಕ್ಕಿಂತ ಜಾಸ್ತಿಯೇ ಆಗುತ್ತಿತ್ತು.

ಅಮ್ಮನ ಜೊತೆಗಿನ ಆ ಮೂರು ಫೋನ್ ಮಾತು ಬೇರೆಯದೇ ವಿಷಯ. ಅಲ್ಲಿ ನಿಮ್ಮವರು ಮಾತಿನ ಒಂದು ಕಡೆಯೂ ಅಲ್ಲ. ಜುಲೈ ತೀರ್ಪು ಬಂದದ್ದು ಗಂಡ-ಹೆಂಡಿರ ನಡುವಿನ ಮಾತಿನ ಬಗ್ಗೆ. ಹೆಂಡತಿ ತವರಿನವರ, ಗೆಳತಿಯರ ಜೊತೆ ಆಡಿದ್ದನ್ನು ಗಂಡ ಕದ್ದು ರೆಕಾರ್ಡ್ ಮಾಡಿದ ಪ್ರಕರಣದಲ್ಲಿ ಆಂಧ್ರ ಹೈಕೋರ್ಟು ಬಹಳ ಹಿಂದೆಯೇ ಅದು ಕಾನೂನುಬಾಹಿರ, ಸಾಕ್ಷ್ಯವಾಗದು ಎಂದಿತ್ತು. ಆ ತೀರ್ಪಿಗೆ ನಮ್ಮ ರಾಜ್ಯದ ಕೋರ್ಟು ಕಟ್ಟುಬೀಳಬೇಕಿಲ್ಲ. ಕಳ್ಳದಾರಿಯಲ್ಲಿ ಬಂದರೂ ಪ್ರಸ್ತುತವಾಗಿದ್ದರೆ ಸಾಕ್ಷ್ಯ ಬೀಳುವುದಿಲ್ಲ ಎಂಬ ಸುಪ್ರೀಂ ಕೋರ್ಟಿನ 1972ರ ಮಲ್ಕಾನಿ ತೀರ್ಪೂ ಎದುರಿಗೆ ಬರುತ್ತದೆ. ಆದರೂ ನಿಮ್ಮ ವಾದದ ಗಟ್ಟಿ ನೆಲ ಇದೇ. ಫೋನ್ ಅವರೇ ಕೊಡಿಸಿದ್ದು ಎಂಬ ಅಳುಕು ಬೇಡ. ಉಡುಗೊರೆ ಕೊಟ್ಟ ಮೇಲೆ ಅದು ನಿಮ್ಮದು. ನಿಮ್ಮ ಒಪ್ಪಿಗೆಯಿಲ್ಲದೆ ಅದರೊಳಗೆ ನುಸುಳಿದ್ದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳಡಿ ದೂರು ಕೊಡಬಹುದು. ಕೊಡಬೇಕೋ ಬೇಡವೋ, ಮಗಳ ಮುಖ ನೋಡಿ ನೀವೇ ತೀರ್ಮಾನಿಸಿ. ಒಂದು ಮಾತ್ರ ಮರೆಯಬೇಡಿ: ಭಯದಿಂದ ಆ ಫೋನನ್ನು ರೀಸೆಟ್ ಮಾಡಿಬಿಡಬೇಡಿ. ಆ್ಯಪಿನ ಜಾಡು ಇರುವುದು ಅದರಲ್ಲೇ. ಸ್ವಿಚ್ ಆಫ್ ಮಾಡಿ ಬೀರುವಿನಲ್ಲಿಡಿ, ಸದ್ಯಕ್ಕೆ ಬೇರೆ ಫೋನ್ ಬಳಸಿ.

ಎಲ್ಲರೆದುರು ಕೇಳಿಸುತ್ತಾರೆಂಬ ಭಯಕ್ಕೆ ಒಂದು ಪುಟದ ಅರ್ಜಿ ಸಾಕು. ಕೌಟುಂಬಿಕ ನ್ಯಾಯಾಲಯ ಕಾಯ್ದೆಯ 11ನೇ ಕಲಮಿನಂತೆ ಇಬ್ಬರಲ್ಲಿ ಒಬ್ಬರು ಕೇಳಿದರೂ ಬಾಗಿಲು ಹಾಕಿ ವಿಚಾರಣೆ ನಡೆಸಬೇಕು. ಹಿಂದೂ ವಿವಾಹ ಕಾಯ್ದೆಯ 22ನೇ ಕಲಮಿನಡಿ ವಿಚಾರಣೆಯ ವಿವರ ಪ್ರಕಟಿಸುವುದೂ ತಪ್ಪು. ದಂಡ ಮಾತ್ರ ಹೆಚ್ಚೆಂದರೆ 1,000 ರೂಪಾಯಿ, ಕಾಯ್ದೆ ಬರೆದ ಕಾಲಕ್ಕೆ ಅದು ದೊಡ್ಡ ಮೊತ್ತವಾಗಿತ್ತೇನೋ!

ಪ್ರಶ್ನೆ: ನಾನು ದಾವಣಗೆರೆಯ ವ್ಯಾಪಾರಿ, 41 ವರ್ಷ. ಹೆಂಡತಿಗೆ ಒಬ್ಬನ ಜೊತೆ ಸಂಬಂಧ ಇದೆಯೆಂದು ನನಗೆ ಖಾತ್ರಿ. ಇಬ್ಬರ ಮೊಬೈಲ್ ಟವರ್ ಲೊಕೇಶನ್ ತರಿಸಿದರೆ ಎಲ್ಲ ಬಯಲಾಗುತ್ತದೆ. ಕಂಪನಿಯಲ್ಲಿ ಪರಿಚಯದವರಿದ್ದಾರೆ, ಹಣ ಕೊಟ್ಟರೆ ಕೊಡುತ್ತಾರಂತೆ. ತೆಗೆದುಕೊಳ್ಳಲೇ?

ಉತ್ತರ: ಬೇಡ. ಹಣ ಕೊಟ್ಟು ತಂದ ಕಾಗದ ಹಿಡಿದು ಕೋರ್ಟಿಗೆ ಹೋದರೆ ‘ಇದು ನಿಮ್ಮ ಕೈಗೆ ಹೇಗೆ ಬಂತು?’ ಎಂಬ ಮೊದಲ ಪ್ರಶ್ನೆಗೇ ನೀವು ಸಿಕ್ಕಿಬೀಳುತ್ತೀರಿ, ಆ ಪರಿಚಯದವರೂ ಕೆಲಸ ಕಳೆದುಕೊಳ್ಳುತ್ತಾರೆ.

ಕೋರ್ಟಿನ ಮೂಲಕವೂ ಸುಲಭವಿಲ್ಲ. ನಿಮ್ಮಂಥದ್ದೇ ಕೇಸಿನಲ್ಲಿ ಗಂಡನ ಕೋರಿಕೆಯಂತೆ ಮೂರನೆಯವನ ಟವರ್ ವಿವರ ತರಿಸಲು ಫ್ಯಾಮಿಲಿ ಕೋರ್ಟು ಹೇಳಿತ್ತು. 2022ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟು ಆ ಆದೇಶವನ್ನು ರದ್ದುಮಾಡಿ, ಕೇಸಿನಲ್ಲಿ ಪಕ್ಷಗಾರನೇ ಅಲ್ಲದವನ ಖಾಸಗಿತನಕ್ಕೆ ಕೈಹಾಕಬೇಡಿ ಎಂದಿತು. ಅಂದಹಾಗೆ ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪಿಗೆ ಅರ್ಜಿದಾರರಾಗಿದ್ದ ಪುಟ್ಟಸ್ವಾಮಿಯವರು ಇದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು.

ವ್ಯಭಿಚಾರ 2018ರಿಂದ ಅಪರಾಧವಲ್ಲ, ವಿಚ್ಛೇದನಕ್ಕೆ ಕಾರಣವಾಗಿ ಮಾತ್ರ ಉಳಿದಿದೆ. ನಿಮ್ಮ ಪತ್ರದ ನಾಲ್ಕು ಪುಟದಲ್ಲಿ ‘ಖಾತ್ರಿ’ ಎಂಬ ಪದ ಒಂಬತ್ತು ಸಲ ಬಂದಿದೆ, ಕಣ್ಣಲ್ಲಿ ಕಂಡ ಸಂಗತಿ ಒಂದೂ ಇಲ್ಲ. ಇಬ್ಬರಿಗೂ ಬೇರೆಯಾಗುವುದೇ ಬೇಕಿದ್ದರೆ ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಮಿನ ಪ್ರಕಾರ ಪರಸ್ಪರ ಒಪ್ಪಿಗೆಯ ದಾರಿಯಿದೆ. ಒಂದು ವರ್ಷ ಬೇರೆಯಾಗಿ ಬದುಕಿರಬೇಕು. ಆಮೇಲಿನ ಆರು ತಿಂಗಳ ಕಾಯುವಿಕೆಯನ್ನು ಸೂಕ್ತವೆನಿಸಿದರೆ ಕೋರ್ಟು ಮನ್ನಾ ಮಾಡಬಹುದು.

ಪ್ರಶ್ನೆ: ಅಕ್ಕಾ, ನಾನು ಹಾವೇರಿ ಜಿಲ್ಲೆಯಾಕಿ. ಕೋರ್ಟ್ ತಿಂಗಳಿಗೆ 6,000 ರೂಪಾಯಿ ಜೀವನಾಂಶ ಕೊಡ್ಸಿತ್ತು. ಹನ್ನೊಂದು ತಿಂಗಳಾತು, ಗಂಡ ಒಂದ್ ರೂಪಾಯಿ ಕೊಟ್ಟಿಲ್ಲ, ಎಲ್ಲಿ ಅದಾನೋ ಗೊತ್ತಿಲ್ಲ. ಆತನ ಆಧಾರ್ ನಂಬರ್ ನನ್ ಹತ್ರ ಐತಿ. ಆಧಾರ್ ಆಫೀಸಿನಾಗ ವಿಳಾಸ ಕೊಡ್ತಾರೇನು?

ಉತ್ತರ: ಕೊಡುವುದಿಲ್ಲ ತಂಗಿ. ಹುಬ್ಬಳ್ಳಿಯ ಹೆಣ್ಣುಮಗಳೊಬ್ಬಳು ಇದನ್ನೇ ಕೇಳಿದ್ದಳು. ಹೆಂಡತಿಯಾದ ಮಾತ್ರಕ್ಕೆ ಗಂಡನ ಆಧಾರ್ ವಿವರ ಸಿಗುವುದಿಲ್ಲ, ಆತನ ಮಾತನ್ನೂ ಕೇಳಬೇಕು ಎಂದು 2023ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಹೇಳಿತು.

ಆದರೆ ಆಧಾರ್‌ಗೆ ಬೀಗ ಇದ್ದರೂ ಪಹಣಿಗೆ ಇಲ್ಲ. ಆತನ ಊರಿನ ಹೊಲ ಆತನ ಹೆಸರಿಗಿದ್ದರೆ ಭೂಮಿ ತಂತ್ರಾಂಶದಲ್ಲಿ ಯಾರು ಬೇಕಾದರೂ ನೋಡಬಹುದು. ಸರ್ವೆ ನಂಬರ್ ಗೊತ್ತಿಲ್ಲದಿದ್ದರೆ ಮೈದುನನನ್ನೋ ಪಕ್ಕದ ಹೊಲದವರನ್ನೋ ಕೇಳಿ. ಜೀವನಾಂಶದ ಬಾಕಿಯನ್ನು ದಂಡ ವಸೂಲಿ ಮಾಡಿದಂತೆಯೇ ಆಸ್ತಿಯಿಂದ ವಸೂಲಿ ಮಾಡಿಸಲು ಅವಕಾಶವಿದೆ. ಆಗಲೂ ಕೊಡದಿದ್ದರೆ ಜೈಲು.

ವಕೀಲರ ಫೀಸಿಗೆ ಹೆದರಬೇಡಿ. ಜಿಲ್ಲಾ ಕೋರ್ಟಿನ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಇರುತ್ತದೆ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನು ಪುಕ್ಕಟೆ ಕೊಡುತ್ತಾರೆ. ಆದರೆ ತಡ ಮಾಡಬೇಡಿ: ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ತಿಂಗಳ ಹಣಕ್ಕೆ ವಾರಂಟ್ ಸಿಗುವುದಿಲ್ಲ. ನಿಮಗೆ ಹನ್ನೊಂದು ತಿಂಗಳು ತುಂಬಿದೆ. ಈ ಸಂಚಿಕೆ ನಿಮ್ಮ ಊರು ಮುಟ್ಟುವ ಹೊತ್ತಿಗೆ ಮೊದಲ 6,000ಕ್ಕೆ ಕೆಲವೇ ದಿನ ಉಳಿದಿರುತ್ತದೆ. ಓದಿದ ಮರುದಿನವೇ ಆದೇಶದ ನಕಲು ಹಿಡಿದು ಹಾವೇರಿಯ ಬಸ್ಸು ಹತ್ತಿ.